ಬಾಲವುಳ್ಳ ನೀಲಿ

ದುಬೈನಲ್ಲಿ ಗಿಡ ಬೇಕೆಂದರೆ ಈಗ ತಂಪು ಗಾಳಿಯ ದೊಡ್ಡ ದೊಡ್ಡ ಗಾರ್ಡನ್ ಸೆಂಟರುಗಳಿವೆ. ಫೋನಿನಲ್ಲಿ ಒತ್ತಿದರೆ ಕುಂಡ ಸಮೇತ ಬಾಗಿಲಿಗೆ ತಂದಿಡುವವರೂ ಇದ್ದಾರೆ. ಆದರೂ ಹಳಬರ ಕಾಲು ತಿರುಗುವುದು ಸತ್ವಾ ಬಡಾವಣೆಯ ಕಡೆಗೇ. ದರ್ಜಿಗಳು, ಬಟ್ಟೆಯಂಗಡಿಗಳು, ಸೋಫಾಕ್ಕೆ ಹೊಸ ಹೊದಿಕೆ ಹಾಕುವವರು ಇವರ ನೆರೆಯಲ್ಲಿ, ಎಲ್ಲರೂ ಪ್ಲಾಂಟ್ ಸ್ಟ್ರೀಟ್ ಎಂದೇ ಕರೆಯುವ ಬೀದಿಯಲ್ಲಿ ಗಿಡ, ಗೊಬ್ಬರ, ಮಣ್ಣಿನ ಚೀಲ, ಪಿಂಗಾಣಿ ಕುಂಡ, ಜೊತೆಗೆ ಪಂಜರದ ಗಿಳಿ, ಬೆಕ್ಕಿನ ಮರಿ ಎಲ್ಲವೂ ಫುಟ್‌ಪಾತಿನ ತನಕ ಬಂದು ಕೂತಿರುತ್ತವೆ. 2008ರ ಹೊತ್ತಿಗೆ ಸತ್ವಾದ ಒಂದು ಭಾಗವನ್ನೇ ಕೆಡವಿ ಹೊಸ ನಗರ ಕಟ್ಟುವ ಯೋಜನೆ ಬಂದಿತ್ತು. ಅದು ಅರ್ಧಕ್ಕೆ ನಿಂತಿತು, ಗಿಡದ ಅಂಗಡಿಗಳು ಉಳಿದವು. ಬೇಸಿಗೆಯಲ್ಲಿ ಅಲ್ಲಿ ಸಿಗುವುದು ಬಿಸಿಲಿಗೆ ಜಗ್ಗದ ಬೋಗನ್‌ವಿಲ್ಲಾ, ಕಣಗಿಲೆ, ಮನೆಯೊಳಗಿಡುವ ಮನಿಪ್ಲಾಂಟ್. ನವೆಂಬರ್ ಕಳೆಯುತ್ತಿದ್ದ ಹಾಗೆ ಪೆಟೂನಿಯಾ, ಚೆಂಡುಹೂವು, ಜರೇನಿಯಂಗಳ ತಟ್ಟೆಗಳು ಬಂದಿಳಿಯುತ್ತವೆ.

ಈ ಚಳಿಗಾಲದ ಸರಕಿನಲ್ಲಿ ಒಮ್ಮೊಮ್ಮೆ ಎರಡು ವಸ್ತುಗಳು ಕಾಣಿಸುತ್ತವೆ. ಒಂದು, ದಪ್ಪ ದಂಟಿನ ತುಂಬ ನೀಲಿ ಹೂ ಕಿಕ್ಕಿರಿದ ಕುಂಡ. ಚೀಟಿಯಲ್ಲಿ ಡೆಲ್ಫಿನಿಯಂ ಎಂದಿರುತ್ತದೆ. ಇನ್ನೊಂದು ಬೀಜದ ಪೊಟ್ಟಣ. ಮೇಲೆ ಲಾರ್ಕ್‌ಸ್ಪರ್ ಎಂದು ಅಚ್ಚಾಗಿರುತ್ತದೆ. ಚಿತ್ರದಲ್ಲಿ ಸಬ್ಬಸಿಗೆ ಸೊಪ್ಪಿನಂಥ ಎಲೆ, ಸಪೂರ ದಂಟು, ನೀಲಿ, ಗುಲಾಬಿ, ಬಿಳಿ ಹೂಗಳು. ಇವೆರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಅಂಗಡಿಯ ಮಲಯಾಳಿ ಹುಡುಗ, "ಎರಡೂ ಒಂದೇ ಚೇಚಿ, ಯಾವುದು ಬೇಕೋ ತಗೊಳ್ಳಿ" ಎನ್ನುತ್ತಾನೆ. ಮಾರುವವರ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. ಆ ಮಾತನ್ನು ಒಪ್ಪಿಕೊಳ್ಳಲು ಸಸ್ಯಶಾಸ್ತ್ರಜ್ಞರಿಗೆ ಸುಮಾರು ಇನ್ನೂರು ವರ್ಷ ಬೇಕಾಯಿತು.

ಲಿನ್ನೇಯಸ್ 1753ರಲ್ಲಿ ಗಿಡಗಳಿಗೆಲ್ಲ ಎರಡು ಪದದ ಹೆಸರಿಟ್ಟಾಗ ಇವೆಲ್ಲವನ್ನೂ ಡೆಲ್ಫಿನಿಯಂ ಎಂಬ ಒಂದೇ ಕುಲಕ್ಕೆ ಸೇರಿಸಿದ್ದ. ಮುಂದೆ 1821ರಲ್ಲಿ, ಒಂದೇ ವರ್ಷ ಬದುಕಿ ಬೀಜ ಉದುರಿಸಿ ಸಾಯುವ ಲಾರ್ಕ್‌ಸ್ಪರ್‌ಗಳನ್ನು ಬೇರೆ ಮಾಡಿ ಕನ್ಸಾಲಿಡಾ ಎಂಬ ಪ್ರತ್ಯೇಕ ಕುಲ ಮಾಡಿದರು. ತೋಟಗಾರಿಕೆಯ ಪುಸ್ತಕಗಳಲ್ಲಿ ಆ ಹೆಸರು ಗಟ್ಟಿಯಾಗಿ ಕೂತುಬಿಟ್ಟಿತು. 2011ರಲ್ಲಿ ಸಸ್ಯಶಾಸ್ತ್ರಜ್ಞರಾದ ಫ್ಲೋರಿಯನ್ ಜಬೂರ್ ಮತ್ತು ಸುಸಾನ್ನೆ ರೆನ್ನರ್ ಇವುಗಳ ಡಿಎನ್‌ಎ ಹೋಲಿಸಿ ನೋಡಿದರು. ಒಂದು ವರ್ಷದ ಈ ಗಿಡಗಳು ಡೆಲ್ಫಿನಿಯಂ ವಂಶವೃಕ್ಷದ ಹೊರಗಿಲ್ಲ, ಅದರದೇ ಒಂದು ಕೊಂಬೆ ಎಂದು ತಿಳಿದುಬಂತು. ಮೆಡಿಟರೇನಿಯನ್ ಸುತ್ತಮುತ್ತ, ಟರ್ಕಿ, ಇರಾನ್ ಸೀಮೆಯಲ್ಲಿ ಬೇಸಿಗೆಯ ಬರಕ್ಕೆ ಹೆದರಿ, ಮಳೆಗಾಲದಷ್ಟರಲ್ಲೇ ಬದುಕು ಮುಗಿಸುವುದನ್ನು ಕಲಿತ ಕೊಂಬೆ. ಈಗ ಅವು ಮತ್ತೆ ಡೆಲ್ಫಿನಿಯಂ. ಹೂ ಮಾರುವವರು ಮಾತ್ರ ಮೊದಲಿನಿಂದಲೂ ಬದಲಾಗಲಿಲ್ಲ: ದಪ್ಪ ದಂಟಿನ ಬಹುವಾರ್ಷಿಕಕ್ಕೆ ಡೆಲ್ಫಿನಿಯಂ, ಸಪೂರ ದಂಟಿನ ಒಂದು ವರ್ಷದ್ದಕ್ಕೆ ಲಾರ್ಕ್‌ಸ್ಪರ್. ವ್ಯವಹಾರಕ್ಕೆ ಇದೇ ಒಳ್ಳೆಯದು, ನಾನೂ ಇದನ್ನೇ ಪಾಲಿಸುತ್ತೇನೆ.

ವ್ಯತ್ಯಾಸ ಕಣ್ಣಾರೆ ನೋಡಬೇಕಾದರೆ ಎರಡರಿಂದಲೂ ಒಂದೊಂದು ಹೂವು ಕಿತ್ತು ಅಂಗೈಯಲ್ಲಿಟ್ಟುಕೊಳ್ಳಿ. ಬಣ್ಣದ ಐದು ಅಗಲ ತುಂಡುಗಳಿವೆಯಲ್ಲ, ಅವು ದಳಗಳಲ್ಲ. ಶಾಲೆಯಲ್ಲಿ ಪುಷ್ಪಪತ್ರ ಎಂದು ಓದಿದ್ದು ಅದು. ಬೇರೆ ಹೂಗಳಲ್ಲಿ ಹಸಿರಾಗಿ ಮೊಗ್ಗಿನ ಹೊದಿಕೆಯಾಗಿ ಇರುವ ಭಾಗ ಇಲ್ಲಿ ನೀಲಿಯಾಗಿ ಮೆರೆಯುತ್ತದೆ. ಮೇಲಿನ ಪುಷ್ಪಪತ್ರ ಹಿಂದಕ್ಕೆ ಎಳೆದುಕೊಂಡು ಟೊಳ್ಳು ಬಾಲವಾಗಿದೆ. ಆ ಬಾಲವನ್ನು ಉಗುರಿನಿಂದ ಉದ್ದಕ್ಕೆ ಸೀಳಿದರೆ ಒಳಗೆ ಇನ್ನೊಂದು ಸಣ್ಣ ಬಾಲ ಸಿಗುತ್ತದೆ, ಅದರ ತುದಿಯಲ್ಲಿ ಮಕರಂದ. ಡೆಲ್ಫಿನಿಯಂನಲ್ಲಿ ಈ ಒಳಬಾಲ ಎರಡು, ಲಾರ್ಕ್‌ಸ್ಪರ್‌ನಲ್ಲಿ ಒಂದೇ. ನಿಜವಾದ ದಳಗಳು ನಡುವೆ ಚಿಕ್ಕದಾಗಿ ಗುಂಪುಗಟ್ಟಿವೆ. ಡೆಲ್ಫಿನಿಯಂಗೆ ನಾಲ್ಕು, ಕೆಳಗಿನೆರಡರ ಮೇಲೆ ಎಳೆ ಕೂದಲು. ಲಾರ್ಕ್‌ಸ್ಪರ್‌ನಲ್ಲಿ ಎಲ್ಲವೂ ಬೆಸೆದು ಒಂದೇ ಆಗಿವೆ. ತೋಟದವರು ಈ ನಡುವಿನ ಗುಂಪನ್ನು 'ಬೀ' ಎನ್ನುತ್ತಾರೆ, ದೂರದಿಂದ ನೋಡಿದರೆ ಹೂವಿನಲ್ಲಿ ಜೇನ್ನೊಣ ಕೂತ ಹಾಗೆ ಕಾಣುವುದರಿಂದ. ಪ್ರದರ್ಶನದಲ್ಲಿ ಬಹುಮಾನ ಕೊಡುವವರು ನೀಲಿಗೆ ಬಿಳಿ 'ಬೀ' ಇದೆಯೋ ಕಪ್ಪು 'ಬೀ' ಇದೆಯೋ ಎಂದು ಕನ್ನಡಕ ಏರಿಸಿ ನೋಡುವುದುಂಟು. ಹೂ ಬಾಡಿ ಕಾಯಿ ಕಟ್ಟಿದ ಮೇಲಂತೂ ಗೊಂದಲವೇ ಇಲ್ಲ: ಲಾರ್ಕ್‌ಸ್ಪರ್‌ಗೆ ಒಂಟಿ ಕಾಯಿ, ಡೆಲ್ಫಿನಿಯಂಗೆ ಸಾಮಾನ್ಯವಾಗಿ ಮೂರರ ಗೊಂಚಲು.

ಇಷ್ಟು ಜಟಿಲ ಹೂವು ಯಾರಿಗಾಗಿ? ಉದ್ದ ನಾಲಿಗೆಯ ಬಂಬಲ್ ಜೇನುಗಳಿಗಾಗಿ. ಇವು ದಂಟಿನ ಬುಡದ ಹೂವಿನಲ್ಲಿ ಇಳಿದು ಒಂದೊಂದಾಗಿ ಮೇಲಕ್ಕೆ ಏರುತ್ತವೆ. ಹೂಗಳು ಅರಳುವುದೂ ಕೆಳಗಿನಿಂದ ಮೇಲಕ್ಕೆ. ಪ್ರತಿ ಹೂವೂ ಮೊದಲು ಗಂಡು, ಆಮೇಲೆ ಹೆಣ್ಣು: ಪರಾಗ ಉದುರಿಸಿ ಮುಗಿದ ಮೇಲೆ ಶಲಾಕಾಗ್ರ ತೆರೆದುಕೊಳ್ಳುತ್ತದೆ. ಹಾಗಾಗಿ ಯಾವ ಗಳಿಗೆಯಲ್ಲಿ ನೋಡಿದರೂ ಕೆಳಗಿನವು ಹೆಣ್ಣು ಹೂಗಳು, ಮೇಲಿನವು ಗಂಡು. ಮಕರಂದವೂ ಕೆಳಗೇ ಹೆಚ್ಚು. ಜೇನು ಇನ್ನೊಂದು ಗಿಡದಿಂದ ಹೊತ್ತು ತಂದ ಪರಾಗವನ್ನು ಕೆಳಗಿನ ಹೆಣ್ಣು ಹೂಗಳಿಗೆ ಒರೆಸಿ, ಮೇಲೇರುತ್ತ ಮಕರಂದ ಕಡಿಮೆಯಾಯಿತೆಂದು ಹಾರಿಹೋಗುವಾಗ ಈ ಗಿಡದ ಪರಾಗವನ್ನು ಮೆತ್ತಿಕೊಂಡು ಮುಂದಿನ ಗಿಡದ ಬುಡಕ್ಕೆ ಒಯ್ಯುತ್ತದೆ. ಸ್ವಂತ ಗಿಡದ ಪರಾಗ ಸ್ವಂತ ಗಿಡಕ್ಕೇ ಬೀಳುವುದು ಹೀಗೆ ತಪ್ಪುತ್ತದೆ. ಸತ್ವಾದ ಮಹಡಿಯ ಬಾಲ್ಕನಿಗೆ ಬಂಬಲ್ ಜೇನು ಬರುವುದಿಲ್ಲ ಬಿಡಿ.

ಈಗ ಕಾಡಿನ ಕಡೆ ಬರೋಣ. ಡೆಲ್ಫಿನಿಯಂ ಕುಲದಲ್ಲಿ ಸುಮಾರು 350 ಪ್ರಭೇದಗಳಿವೆ ಎಂದು ಲೆಕ್ಕ. ಎಣಿಸುವವರ ಮೇಲೆ ಸಂಖ್ಯೆ ಏರಿಳಿಯುತ್ತದೆ. ಇದರಲ್ಲಿ 170ಕ್ಕೂ ಹೆಚ್ಚು ಚೀನಾದಲ್ಲೇ ಇವೆ, ಅವುಗಳ ಪೈಕಿ ಬಹುಪಾಲು ಬೇರೆಲ್ಲೂ ಇಲ್ಲ. ಉತ್ತರ ಅಮೆರಿಕದಲ್ಲಿ ಸುಮಾರು 60. ಇವೆಲ್ಲ ಒಂದೊಂದು ಬೆಟ್ಟ, ಒಂದೊಂದು ಕಣಿವೆಗೆ ಅಂಟಿಕೊಂಡು ಬೇರೆ ಬೇರೆಯಾದವು. ನಮ್ಮ ಹಿಮಾಲಯದಲ್ಲೂ ಸಾಲು ಸಾಲು ಇವೆ. ಕಾಶ್ಮೀರದ ಹೆಸರು ಹೊತ್ತ ಕ್ಯಾಶ್ಮೀರಿಯಾನಂ ಇದೆ. ಲಡಾಖಿನ ಕಲ್ಲುರಾಶಿಯ ನಡುವೆ, 4,500 ಮೀಟರಿನ ಆಸುಪಾಸು ಹಾಗೂ ಅದಕ್ಕೂ ಮೇಲೆ, ಗಾಳಿ ತುಂಬಿದ ಚೀಲದ ಹಾಗೆ ಉಬ್ಬಿದ, ರೋಮ ತುಂಬಿದ ಮಾಸಲು ನೀಲಿ ಹೂವಿನ ಬ್ರುನೋನಿಯಾನಂ ಇದೆ. ಅದಕ್ಕೆ ಕಸ್ತೂರಿಯ ಕಮಟು. ಸಾಕಷ್ಟು ಕೆಳಗಿನ ಹುಲ್ಲುಗಾವಲುಗಳಲ್ಲಿ ಬೆಳೆಯುವ ಡೆನುಡೇಟಂನ ಬೇರು ಯುನಾನಿ ಹಕೀಮರ ಜದ್ವಾರ್, ಆಯುರ್ವೇದದವರ ನಿರ್ವಿಷಿ. ವತ್ಸನಾಭಿಯ ವಿಷಕ್ಕೆ ಮದ್ದು ಎಂದು ಹಿಂದಿನವರು ಇದನ್ನು ಕೊಡುತ್ತಿದ್ದರು. ವತ್ಸನಾಭಿಯೂ ಇದೇ ಕುಟುಂಬದ ಹತ್ತಿರದ ನೆಂಟ ಎಂಬುದು ವಿಚಿತ್ರ. ಈ ಬೇರನ್ನು ಮಿತಿಮೀರಿ ಅಗೆದದ್ದರಿಂದ ಈಗ ಅದಕ್ಕೇ ಆಪತ್ತು.

ಸತ್ವಾದವರಿಗೆ ಇನ್ನೂ ಹತ್ತಿರದ ಸಂಬಂಧವೊಂದಿದೆ. ಅಲ್ ವಸ್ಲ್ ರಸ್ತೆಯಲ್ಲಿ ಇರಾನಿ ಆಸ್ಪತ್ರೆ, ಅದರ ಎದುರಿಗೆ ನೀಲಿ ಹೆಂಚುಗಳ ಇರಾನಿ ಮಸೀದಿ, ದಿನಾ ಕಣ್ಣಿಗೆ ಬೀಳುವಂಥವು. ಇರಾನಿಗಳ ಊರು ಕೊಲ್ಲಿಯ ಆಚೆ ದಡ. ಅಲ್ಲಿನ ಝಾಗ್ರೋಸ್, ಅಲ್ಬೋರ್ಝ್ ಬೆಟ್ಟಗಳು ಲಾರ್ಕ್‌ಸ್ಪರ್ ಬಳಗದ ದೊಡ್ಡ ನೆಲೆಗಳಲ್ಲಿ ಒಂದು. ಇರಾನಿನ ಈಶಾನ್ಯದಿಂದ ಅಫ್ಘಾನಿಸ್ತಾನ, ತುರ್ಕಮೆನಿಸ್ತಾನದ ತನಕ ಒಂದು ಹಳದಿ ಡೆಲ್ಫಿನಿಯಂ ಬೆಳೆಯುತ್ತದೆ, ಸ್ಥಳೀಯರ ಝಲೀಲ್. ಅಫ್ಘಾನ್ ಗಡಿ ಗುರುತಿಸುವ ಬ್ರಿಟಿಷ್ ತಂಡದ ಜೊತೆ ಹೋದ ಸಸ್ಯಶಾಸ್ತ್ರಜ್ಞ ಐಚಿಸನ್ 1880ರ ದಶಕದಲ್ಲಿ ಇದನ್ನು ದಾಖಲಿಸಿದ. ಅದರ ಒಣಹೂವು ಅಸ್ಬರ್ಗ್ ಎಂಬ ಹೆಸರಿನಲ್ಲಿ ಮುಲ್ತಾನದ ಪೇಟೆಗೆ ಬರುತ್ತಿತ್ತು, ರೇಷ್ಮೆಗೆ ಹಳದಿ ಬಣ್ಣ ಹಾಕಲು. ನೀಲಿಗೆ ಹೆಸರಾದ ಬಳಗದ ಸದಸ್ಯನೊಬ್ಬ ನಮ್ಮ ಉಪಖಂಡದಲ್ಲಿ ಕೆಲಸಕ್ಕೆ ಬಂದದ್ದು ಹಳದಿಗಾಗಿ. ಕೃತಕ ಬಣ್ಣ ಬಂದ ಮೇಲೆ ಆ ವ್ಯಾಪಾರ ಕುಗ್ಗಿತು. ಅರಬ್ ನೆಲವೂ ಪೂರ್ತಿ ಬರಿದಲ್ಲ: ಸೌದಿಯ ಬೆಟ್ಟಗಳಲ್ಲಿ ಸಿಕ್ಕ ಪ್ರಭೇದವೊಂದಕ್ಕೆ ಅಲ್ಲಿನ ಹೂಗಳನ್ನು ವರ್ಷಗಟ್ಟಲೆ ಹುಡುಕಿ ತೆಗೆದ ಶೀಲಾ ಕೊಲ್ಲೆನೆಟ್ ಅವರ ಹೆಸರಿಟ್ಟಿದ್ದಾರೆ.

ಈಜಿಪ್ಟಿನ ಕಥೆ ಇನ್ನೂ ಹಳೆಯದು. 1881ರಲ್ಲಿ ದೇರ್ ಅಲ್ ಬಹ್ರಿಯ ಗುಪ್ತ ಗೋರಿಯಲ್ಲಿ ಸಿಕ್ಕ ಅರಸರ ಮಮ್ಮಿಗಳ ಪೈಕಿ ಒಂದನೇ ಅಹ್ಮೋಸನ ಕೊರಳಿನಲ್ಲಿ ಹೂಮಾಲೆಯಿತ್ತು. ಪೂರ್ವದ ಲಾರ್ಕ್‌ಸ್ಪರ್ ಎಂದು ಅದನ್ನು ಗುರುತಿಸಿದರು. ಅರಸ ಸತ್ತು ಮೂರು ಸಾವಿರದ ನಾನೂರು ವರ್ಷ ಮೇಲಾಗಿತ್ತು.

ಆಫ್ರಿಕದ ಪೂರ್ವದ ಬೆಟ್ಟಗಳಲ್ಲಿ ಬಳಗದ ಕೆಲವೇ ಸದಸ್ಯರಿದ್ದಾರೆ, ಆದರೆ ಒಬ್ಬರಂತೆ ಇನ್ನೊಬ್ಬರಿಲ್ಲ. ಲೆರೋಯಿ ಎಂಬುದು ಬಿಳಿ, ಅದಕ್ಕೆ ಪರಿಮಳವಿದೆ. ಕೀನ್ಯಾದ ಎತ್ತರದ ಹುಲ್ಲುಗಾವಲಿನ ಮ್ಯಾಕ್ರೋಸೆಂಟ್ರನ್ ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣದ್ದು, ಬಾಲ ಮೇಲಕ್ಕೆ ಚಾಚಿ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಹೋದರೆ ಕೆಂಪು: ಕಾರ್ಡಿನೇಲ್, ನುಡಿಕಾಲ್ ಎರಡೂ ಝೇಂಕಾರದ ಹಕ್ಕಿಗಳಿಗಾಗಿ ನೀಲಿಯನ್ನು ಬಿಟ್ಟು ಕೆಂಪಾದವು. ಕೆಂಪಾಗಿ, ಕೊಳವೆಯಾಗಿ, ಕೂರುವ ಜಾಗವಿಲ್ಲದೆ, ಹಾರುತ್ತಲೇ ಹೀರುವ ಅತಿಥಿಗೆ ಸರಿಯಾಗಿ ಒಗ್ಗಿದ ರೂಪ. ಅದೇ ರಾಜ್ಯದ ಕರಾವಳಿಯಲ್ಲಿ ಲೂಟಿಯಂ ಎಂಬ ಹಳದಿ ಪ್ರಭೇದವೂ ಬೇಕೆರಿ ಎಂಬ ಗಾಢ ನೀಲಿಯೂ ಇವೆ. ಎರಡನ್ನೂ 2000ನೇ ಇಸವಿಯಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಬೇಕೆರಿ ಕಾಡಿನಲ್ಲಿ ಉಳಿದಿರುವುದು ಬಹುಮಟ್ಟಿಗೆ ಒಂದು ರಸ್ತೆ ಬದಿಯ ಇಳಿಜಾರಿನಲ್ಲಿ. ರಸ್ತೆ ಇಲಾಖೆಯವರು ಹುಲ್ಲು ಕೊಯ್ಯುವ ದಿನವನ್ನು ತಪ್ಪಾಗಿ ಆರಿಸಿದರೂ ಸಾಕು, ಒಂದು ಪ್ರಭೇದದ ಬುಡಕ್ಕೇ ಪೆಟ್ಟು. ವೈವಿಧ್ಯ ಎಂದು ಬಾಯಿತುಂಬ ಹೇಳುವ ಮಾತು ಎಷ್ಟು ಸಣ್ಣ ಜಾಗದ ಮೇಲೆ ನಿಂತಿರುತ್ತದೆ ನೋಡಿ.

ಇಷ್ಟೆಲ್ಲ ಇದ್ದೂ ತೋಟಕ್ಕೆ ಬಂದವರು ಬೆರಳೆಣಿಕೆಯಷ್ಟು. ಎತ್ತರದ ಡೆಲ್ಫಿನಿಯಂಗಳ ಮೂಲಪುರುಷ ಎಲೇಟಂ, ಯುರೋಪಿನಿಂದ ಸೈಬೀರಿಯದವರೆಗೆ ಹರಡಿರುವ ಚಳಿ ನಾಡಿನ ಗಿಡ. ಸೈಬೀರಿಯ, ಚೀನಾದ ಗ್ರಾಂಡಿಫ್ಲೋರಂ ಅದಕ್ಕೆ ಜೊತೆಯಾಗಿ, ಕವಲೊಡೆದು ಸಡಿಲವಾಗಿ ಹೂಬಿಡುವ ಬೆಲ್ಲಡೋನಾ ಗುಂಪು ಹುಟ್ಟಿತು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ನಾನ್ಸಿಯಲ್ಲಿ ಲೆಮ್ವಾನ್, ಇಂಗ್ಲೆಂಡಿನ ಲ್ಯಾಂಗ್‌ಪೋರ್ಟಿನಲ್ಲಿ ಕೆಲ್ವೆ ಇವರು ಹೂವಿನ ಗಾತ್ರ ಹಿಗ್ಗಿಸಿದರು. 1901ರಲ್ಲಿ ಶುರುವಾದ ಬ್ಲ್ಯಾಕ್‌ಮೋರ್ ಅಂಡ್ ಲ್ಯಾಂಗ್ಡನ್ ನರ್ಸರಿ ಆಳೆತ್ತರದ ದಂಟುಗಳನ್ನು ಪ್ರದರ್ಶನಕ್ಕಿಟ್ಟು ಹೆಸರು ಮಾಡಿತು. ಯುರೋಪಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ಫ್ರಾಂಕ್ ರೈನೆಲ್ಟ್ ಪೆಸಿಫಿಕ್ ಜೈಂಟ್ಸ್ ಬೆಳೆಸಿದ; ಬೀಜದಿಂದಲೇ ಬಣ್ಣ ಸರಿಯಾಗಿ ಬರುವಂತೆ ಮಾಡಿದ್ದು ಅವನ ಸಾಧನೆ. ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕೆನ್ ಅವರ ಹುಚ್ಚು ಬೇರೆಯೇ: ತಾವೇ ತಳಿ ಮಾಡಿದ ಡೆಲ್ಫಿನಿಯಂಗಳನ್ನು 1936ರ ಜೂನ್ ತಿಂಗಳ ಕೊನೆಯಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟರು. ಫೋಟೋ ಇಟ್ಟದ್ದಲ್ಲ, ಹೂಗಳನ್ನೇ ಇಟ್ಟದ್ದು.

ಕೆಂಪು ಮಾತ್ರ ಸುಲಭಕ್ಕೆ ದಕ್ಕಲಿಲ್ಲ. ತೋಟದ ಡೆಲ್ಫಿನಿಯಂಗೆ ವರ್ಣತಂತುಗಳು 32, ಕ್ಯಾಲಿಫೋರ್ನಿಯಾದ ಕೆಂಪು ಪ್ರಭೇದಗಳಿಗೆ 16. ಮದುವೆ ಮಾಡಿಸಿದರೆ ಮಕ್ಕಳಾಗುವುದೇ ಕಷ್ಟ, ಮಕ್ಕಳಾದರೂ ಮೊಮ್ಮಕ್ಕಳಾಗುವುದಿಲ್ಲ. ಹಾಲೆಂಡಿನ ವಾಗೆನಿಂಗನ್‌ನಲ್ಲಿ ಡಾ. ಲೆಗ್ರೋ 1953ರಲ್ಲಿ ಈ ಕೆಲಸಕ್ಕೆ ಕೈ ಹಾಕಿದರು. ಕೊಲ್ಚಿಸಿನ್ ಎಂಬ ರಾಸಾಯನಿಕ ಬಳಸಿ ಕೆಂಪು ಗಿಡದ ವರ್ಣತಂತುಗಳನ್ನು ಇಮ್ಮಡಿಸಿ, ನೀಲಿಗೆ ಸರಿಸಮ ಮಾಡಿ, ದಶಕಗಟ್ಟಲೆ ಹೆಣಗಿ ಕಿತ್ತಳೆ, ಕೆಂಪು ಛಾಯೆಯ ಯೂನಿವರ್ಸಿಟಿ ಹೈಬ್ರಿಡ್‌ಗಳನ್ನು ಪಡೆದರು. ಚೆಂದದವೇ, ಆದರೆ ಬೆಳೆಸುವುದು ತ್ರಾಸ. ನೀಲಿಯ ಎದುರು ಪೇಟೆಯಲ್ಲಿ ನಿಲ್ಲಲಿಲ್ಲ.

ನೀಲಿಗೆ ಕಾರಣವಾದ ವಸ್ತುವಿಗೂ ಈ ಗಿಡದ ಹೆಸರೇ: ಡೆಲ್ಫಿನಿಡಿನ್. 1915ರಲ್ಲಿ ನೊಬೆಲ್ ಪಡೆದ ಜರ್ಮನ್ ರಸಾಯನಶಾಸ್ತ್ರಜ್ಞ ರಿಚರ್ಡ್ ವಿಲ್‌ಸ್ಟೆಟರ್ ಅದನ್ನು ಬೇರ್ಪಡಿಸಿದ್ದು ಲಾರ್ಕ್‌ಸ್ಪರ್ ಹೂವಿನಿಂದ. ನೇರಳೆ ಬದನೆಕಾಯಿಯ ಸಿಪ್ಪೆಯಲ್ಲೂ ಇದೇ ಇದೆ. (ನಮ್ಮ ಉಡುಪಿ ಕಡೆಯ ಮಟ್ಟುಗುಳ್ಳ ಬದನೆ ಹಸಿರು, ಅದು ಈ ಲೆಕ್ಕಕ್ಕಿಲ್ಲ.) ಗುಲಾಬಿಯಲ್ಲಿ ಡೆಲ್ಫಿನಿಡಿನ್ ತಯಾರಾಗುವುದೇ ಇಲ್ಲ, ಅದಕ್ಕೇ ನೀಲಿ ಗುಲಾಬಿ ಇಲ್ಲ. ಜಪಾನಿನ ಸನ್‌ಟೋರಿ ಕಂಪನಿ ಪ್ಯಾನ್ಸಿ ಹೂವಿನ ಜೀನ್ ಸೇರಿಸಿ 2009ರಲ್ಲಿ ನೀಲಿ ಗುಲಾಬಿ ಮಾರಾಟಕ್ಕೆ ತಂದಿತು. ಚಿತ್ರ ನೋಡಿದವರಿಗೆ ಅದು ತೆಳು ನೇರಳೆ ಎಂದೇ ಅನಿಸುತ್ತದೆ. ಅಚ್ಚ ನೀಲಿ ಎಂಬುದು ಸಸ್ಯಲೋಕದಲ್ಲಿ ದುಬಾರಿ ಸರಕು. ಡೆಲ್ಫಿನಿಯಂಗೆ ಅದು ಮನೆಯ ಆಸ್ತಿ.

ಹಾಗಿದ್ದೂ ನಮ್ಮ ಜನ ಈ ಹೂವನ್ನು ಹಚ್ಚಿಕೊಂಡಿಲ್ಲ. ಕರಾವಳಿಯವರಿಗೆ ಹೂ ಎಂದರೆ ಶಂಕರಪುರದ ಮಲ್ಲಿಗೆ, ಭಟ್ಕಳದ ಮಲ್ಲಿಗೆ. ಕೊಲ್ಲಿಗೂ ಅವು ವಿಮಾನ ಹತ್ತಿ ಬರುತ್ತವೆ. ಮುಡಿಯಲು ಆಗಬೇಕು, ದೇವರಿಗೆ ಏರಿಸಲು ಆಗಬೇಕು, ಮನೆಯೊಳಗೆ ಇಟ್ಟರೆ ಪರಿಮಳ ಬರಬೇಕು. ಲಾರ್ಕ್‌ಸ್ಪರ್ ಈ ಮೂರರಲ್ಲೂ ನಪಾಸು. ಬೆಂಗಳೂರಿನ ಹಳೆಯ ಬಂಗಲೆಗಳ ಪಾತಿಯಲ್ಲಿ, ಫಲಪುಷ್ಪ ಪ್ರದರ್ಶನಗಳಲ್ಲಿ ಸೀಸನ್ ಹೂವಾಗಿ ಬಂದುಹೋಗುವ ವಿದೇಶಿ ಅತಿಥಿಯಾಗಿಯೇ ಉಳಿಯಿತು.

ವಿಷದ ವಿಚಾರವನ್ನೂ ಹೇಳಿಬಿಡಬೇಕು. ಬಳಗದಲ್ಲೆಲ್ಲ ಆಲ್ಕಲಾಯ್ಡ್‌ಗಳಿವೆ, ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಅವು ತಡೆಯುತ್ತವೆ. ಅಮೆರಿಕದ ಪಶ್ಚಿಮದ ಗೋಮಾಳಗಳಲ್ಲಿ ಕಾಡು ಡೆಲ್ಫಿನಿಯಂ ತಿಂದು ಜಾನುವಾರು ಸಾಯುವುದು ಹಳೆಯ ಪೀಡೆ. ಯೂಟಾದ ಲೋಗನ್‌ನಲ್ಲಿರುವ ಅಲ್ಲಿನ ಸರ್ಕಾರದ ವಿಷಸಸ್ಯ ಪ್ರಯೋಗಾಲಯ ಇದನ್ನು ಬಹುಕಾಲದಿಂದ ಅಭ್ಯಾಸ ಮಾಡುತ್ತಿದೆ. ಕುರಿಗಳು ಇದೇ ವಿಷವನ್ನು ದನಗಳಿಗಿಂತ ಎಷ್ಟೋ ಪಾಲು ಹೆಚ್ಚು ತಡೆದುಕೊಳ್ಳುತ್ತವೆ. ಅದಕ್ಕೇ ಅಲ್ಲಿ ಮೊದಲು ಕುರಿ ಬಿಟ್ಟು ಮೇಯಿಸಿ ಆಮೇಲೆ ದನ ಬಿಡುವ ಪದ್ಧತಿಯೂ ಇದೆ. ಬೀಜ ಮತ್ತು ಎಳೆ ಸೊಪ್ಪಿನಲ್ಲಿ ವಿಷ ಹೆಚ್ಚು. ಸತ್ವಾದ ಒಂದೇ ಬೀದಿಯಿಂದ ಗಿಡವನ್ನೂ ಬೆಕ್ಕಿನ ಮರಿಯನ್ನೂ ಒಟ್ಟಿಗೆ ಮನೆಗೆ ಒಯ್ಯುವವರು ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಇನ್ನು ಬೆಳೆಸುವ ಮಾತು. ದುಬೈನಲ್ಲಿ ದಪ್ಪ ದಂಟಿನ ಡೆಲ್ಫಿನಿಯಂ ಕುಂಡ ತಂದರೆ ಅದನ್ನು ಒಂದು ಋತುವಿನ ಅತಿಥಿ ಎಂದೇ ತಿಳಿಯಬೇಕು, ಮೇ ತಿಂಗಳು ಅದು ಕಾಣದು. ಬೀಜದ ಲಾರ್ಕ್‌ಸ್ಪರ್‌ ಇಲ್ಲಿಯ ಚಳಿಗಾಲಕ್ಕೆ ಹೊಂದುತ್ತದೆ, ಅದು ಹುಟ್ಟಿದ್ದೇ ಬೇಸಿಗೆಯಿಂದ ತಪ್ಪಿಸಿಕೊಳ್ಳುವವರ ವಂಶದಲ್ಲಿ. ತೊಡಕಿರುವುದು ಮೊಳಕೆಯಲ್ಲಿ. ಅದಕ್ಕೆ ಕತ್ತಲೂ ಬೇಕು, ಹತ್ತರಿಂದ ಹದಿನೈದು ಡಿಗ್ರಿಯ ತಂಪೂ ಬೇಕು. ಅಕ್ಟೋಬರಿನಲ್ಲಿ ಇಲ್ಲಿನ ಮಣ್ಣು ಮುಟ್ಟಿದರೆ ಇನ್ನೂ ಬಿಸಿ. ಆದ್ದರಿಂದ ಫ್ರಿಜ್ಜೇ ಗತಿ: ಒದ್ದೆ ಟಿಶ್ಯೂ ಕಾಗದದಲ್ಲಿ ಬೀಜ ಮಡಚಿ, ಜಿಪ್ ಚೀಲದಲ್ಲಿ ಹಾಕಿ, ತರಕಾರಿಯ ಡಬ್ಬಿಯಲ್ಲಿ ಎರಡು ವಾರ ಇಡುವುದು. ಮನೆಯವರು ಕೊತ್ತಂಬರಿ ಕಾಳೆಂದುಕೊಳ್ಳದಂತೆ ಮೇಲೆ ಬರೆದಿಡುವುದು ಕ್ಷೇಮ. ಆಮೇಲೆ ನವೆಂಬರ್ ತಂಪಿನಲ್ಲಿ ನೇರ ಕುಂಡಕ್ಕೇ ಬಿತ್ತಬೇಕು. ಇದು ತಾಯಿಬೇರಿನ ಗಿಡ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ತಟ್ಟೆಯಲ್ಲಿ ಸಸಿ ಮಾಡಿ ಮಾರುವವರ ಸಸಿ ಸೊರಗುವುದಕ್ಕೆ ಅರ್ಧ ಕಾರಣ ಇದೇ. ಆಳದ ಕುಂಡ, ನೀರು ನಿಲ್ಲದ ಮಣ್ಣು, ಬೆಳಗಿನ ಬಿಸಿಲು. ಫೆಬ್ರವರಿ, ಮಾರ್ಚ್ ಹೂವಿನ ಕಾಲ.

ಹೂದಾನಿಗೆ ಕೊಂಡು ತರುವವರಿಗೆ ಇನ್ನೊಂದು ಮಾತು. ಈ ಹೂವಿಗೆ ಎಥಿಲೀನ್ ಅನಿಲ ಆಗದು. ಹಣ್ಣಾಗುತ್ತಿರುವ ಬಾಳೆ, ಮಾವು ಬಿಡುವ ಗಾಳಿಯೇ ಅದು. ಊಟದ ಮೇಜಿನಲ್ಲಿ ಬಾಳೆಗೊನೆಯ ಪಕ್ಕ ಡೆಲ್ಫಿನಿಯಂ ಇಟ್ಟರೆ ಬಾಡುವ ಮೊದಲೇ ಬಣ್ಣದ ತುಂಡುಗಳು ಪಟಪಟ ಉದುರುತ್ತವೆ. ದೂರದಿಂದ ಬರುವ ಹೂಗಳನ್ನು ಬೆಳೆಗಾರರು ಬೆಳ್ಳಿಯ ಲವಣದ ದ್ರಾವಣ ಕುಡಿಸಿ ಕಳಿಸುವುದು ಇದಕ್ಕಾಗಿಯೇ.

ಕೊನೆಗೆ ಒಂದು ತಕರಾರು. ತೋಟದವರು ನೂರೈವತ್ತು ವರ್ಷ ಬೆವರು ಸುರಿಸಿದ್ದು ಸೈಬೀರಿಯದ ಚಳಿಗೆ ಹುಟ್ಟಿದ ಗಿಡದ ಮೇಲೆ. ಅದನ್ನೇ ನಾವು ಬೆಂಗಳೂರಿನಲ್ಲೂ ದುಬೈನಲ್ಲೂ ಒಂದು ಋತುವಿನ ಅತಿಥಿಯಾಗಿ ಸಾಕುತ್ತೇವೆ. ಅಷ್ಟರಲ್ಲಿ ನಮ್ಮದೇ ಸಹ್ಯಾದ್ರಿಯಲ್ಲಿ ಒಂದು ಡೆಲ್ಫಿನಿಯಂ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಹೆಸರು ಮಲಬಾರಿಕಂ. ಹೆಚ್ಚಾಗಿ ಕಾಣುವುದು ಮಹಾರಾಷ್ಟ್ರದ ಘಟ್ಟಗಳ ಹುಲ್ಲಿನ ಇಳಿಜಾರಿನಲ್ಲಿ, ಮರಾಠಿಗರು ನೀಲವಂತಿ ಎನ್ನುತ್ತಾರೆ. ಮಳೆ ಹಿಂದೆಗೆಯುವ ಹೊತ್ತಿಗೆ ಹುಲ್ಲಿನ ಮೇಲೆ ತಲೆಯೆತ್ತಿ ನೀಲಿ ಹೂ ಬಿಟ್ಟು, ಬೇಸಿಗೆ ಬಂದಾಗ ಮೇಲಿನದೆಲ್ಲ ಒಣಗಿಸಿ ನೆಲದೊಳಗಿನ ಗೆಡ್ಡೆಯಲ್ಲಿ ನಿದ್ದೆ ಹೋಗುತ್ತದೆ. ಬಹುಕಾಲ ಇದನ್ನು ಇಥಿಯೋಪಿಯ ಕಡೆಯ ಡೆಸಿಕೌಲಾನ್ ಎಂಬ ಆಫ್ರಿಕನ್ ಗಿಡದ ಬಗೆ ಎಂದೇ ಭಾವಿಸಿದ್ದರು. ಜರ್ಮನಿಯ ಹುತ್ 1895ರಲ್ಲಿ ಡೆಲ್ಫಿನಿಯಂ ಬಗ್ಗೆ ದೊಡ್ಡ ಗ್ರಂಥ ಬರೆದಾಗಲೂ ಆಫ್ರಿಕದ್ದರ ಉಪಬಗೆಯಾಗಿಯೇ ಇಟ್ಟ. ಅಮೆರಿಕದ ಫಿಲಿಪ್ ಮುನ್ಜ್ 1960ರ ದಶಕದ ಕೊನೆಯಲ್ಲಿ ಏಷ್ಯಾದ ಪ್ರಭೇದಗಳನ್ನೆಲ್ಲ ಪರಿಶೀಲಿಸುವಾಗ ಸ್ವತಂತ್ರ ಪ್ರಭೇದದ ಪಟ್ಟ ಕೊಟ್ಟರು. ಅರಬ್ಬೀ ಸಮುದ್ರದ ಆಚೆ ಈಚೆ ಬೇರೆ ಬೇರೆ ಬೆಟ್ಟಗಳಲ್ಲಿ ಇಷ್ಟು ಹತ್ತಿರದ ಹೋಲಿಕೆ ಇರುವುದೇ ಕುತೂಹಲದ ಸಂಗತಿ.

ಬರ ಬಂದಾಗ ಮಲಗಿ ಮಳೆ ಬಂದಾಗ ಏಳುವ ಈ ಗುಣ ದಖನ್ನಿನ ತೋಟಕ್ಕೂ ಕೊಲ್ಲಿಯ ಬಾಲ್ಕನಿಗೂ ಬೇಕಾದದ್ದು. ಸೈಬೀರಿಯದ ಗಿಡಕ್ಕೆ ಅದನ್ನು ಕಲಿಸಲು ಆಗಲಾರದು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು 1991ರಲ್ಲೇ, ಅಪರೂಪವಾಗುತ್ತಿರುವ ಈ ಗಿಡವನ್ನು ಅಂಗಾಂಶ ಕೃಷಿಯಿಂದ ಹೆಚ್ಚಿಸುವ ದಾರಿ ತೋರಿಸಿದರು. ನಮ್ಮ ಬೆಳಗಾವಿಗೆ ನೆರೆಯಾದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದವರೂ ಅಲಂಕಾರದ ಹೂವಾಗಿ ಇದರ ಯೋಗ್ಯತೆಯನ್ನು ಕುರಿತು ಬರೆದಿದ್ದಾರೆ. ತಳಿ ಮಾಡುವವರು ಇನ್ನು ಮಾಡಬೇಕಾದ ಕೆಲಸ ಗುಟ್ಟಿನದೇನಲ್ಲ: ಬೇರೆ ಬೇರೆ ಘಟ್ಟಗಳಿಂದ ಗೆಡ್ಡೆ ಅಗೆಯದೆ ಬೀಜ ಮಾತ್ರ ಕೂಡಿಹಾಕುವುದು, ಅದರಲ್ಲಿ ಗಿಡ್ಡ ದಂಟಿನವು, ಹೂ ಒತ್ತಾಗಿ ಬಿಡುವಂಥವು, ಕುಂಡದಲ್ಲಿ ಬಾಳುವಂಥವನ್ನು ಆರಿಸುವುದು, ಐದಾರು ತಲೆಮಾರು ಕಾಯುವುದು. ಪ್ಲಾಂಟ್ ಸ್ಟ್ರೀಟಿನವರಿಗೆ ಗಿಡ ಎಲ್ಲಿಂದ ಬಂದರೂ ಒಂದೇ. ಹಾಲೆಂಡಿನ ಚೀಟಿಯ ಬದಲು ಕೊಲ್ಲಾಪುರದ ಚೀಟಿ ಇದ್ದರೆ ಅವರೇನೂ ಬೇಡ ಎನ್ನುವುದಿಲ್ಲ.